ಕೆಂಪು ಬಣ್ಣದ ಅಡಿಯಲ್ಲಿ

ಲುಪೆಗೆ ಮದುವೆ ಗೊತ್ತಾದ ವರ್ಷ ಅವಳ ತಾಯಿ ಅನಸೈನಿಯ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಪ್ಪು ಗೆರೆ ಎದ್ದಿತು. ಬುಡದಿಂದ ತುದಿಯವರೆಗೆ ನೆಟ್ಟಗೆ, ತೆಂಗಿನ ಗರಿಯ ಕಡ್ಡಿಯಷ್ಟು ಸಣ್ಣಗೆ. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅನಸೈನಿ ಊರಿನ ಹೆಂಗಸರ ಜೊತೆ ಕೂತು ಮರದ ತೊಗಟೆ ಬಡಿದು, ಹಾಳೆ ಮಾಡಿ, ಕಂದು ಬಣ್ಣ ತಿಕ್ಕುವವಳು. ಪೆಸಿಫಿಕ್ ಕಡಲಿನ ಟೊಂಗಾ ದ್ವೀಪಗಳಲ್ಲಿ ತೊಗಟೆಬಟ್ಟೆ ಮಾಡುವವಳ ಬೆರಳು ಬೆಳ್ಳಗಿರುವುದುಂಟೇ? ಆಗಂತೂ ಮಗಳ ಮದುವೆಗೆಂದೇ ಅಂಗಳದುದ್ದದ ಹಾಸು ತಯಾರಾಗುತ್ತಿತ್ತು.

ಗಂಡಿನ ಕಡೆಯವರು ರಾಜಧಾನಿ ನುಕುಅಲೋಫಾದವರು, ಅಂಗಡಿ ಇಟ್ಟುಕೊಂಡವರು. ಒಂದು ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಬಂದರು. ಅನಸೈನಿ ನೆಲದಲ್ಲಿ ತೋಡಿದ ಒಲೆಯಿಂದ ತೆಗೆದ, ಮಾಂಸ ತುಂಬಿದ ಕೆಸುವಿನೆಲೆಯ ಪೊಟ್ಟಣ ಬಿಚ್ಚಿ ಬೀಗಿತ್ತಿ ಸೆಸಿಲಿಯಾಳ ತಟ್ಟೆಗೆ ಹಾಕುವಾಗ, ಆಕೆಯ ಕಣ್ಣು ಆ ಉಗುರಿನ ಮೇಲೆ ನಿಂತಂತೆ ಲುಪೆಗೆ ಅನಿಸಿತು. ಸೆಸಿಲಿಯಾ ಪೊಟ್ಟಣ ಮುಟ್ಟಲಿಲ್ಲ. ಗೆಣಸಷ್ಟೇ ತಿಂದಳು. ಲುಪೆಯ ಮುಖ ಕಿವಿಯವರೆಗೆ ಬಿಸಿಯಾಯಿತು.

ಅವರು ಹೋದ ಮೇಲೆ ತಾಯಿಯ ಮೇಲೆ ಹರಿಹಾಯ್ದಳು. "ಕೈ ನೆಟ್ಟಗೆ ತೊಳ್ಕೊಂಡು ಬಡಿಸೋಕಾಗಲ್ವೇನಮ್ಮ? ನನ್ನ ಮಾನ ಹೋಯ್ತು."

"ತೊಳ್ದೆ ಕಣೇ. ನಿಂಬೆಹಣ್ಣು ಹಾಕಿ ಉಜ್ಜಿದೆ. ಇದು ಹೋಗಲ್ಲ."

"ಹೋಗದಿದ್ರೆ ಮುಚ್ಕೋ."

ಮರುದಿನ ಪೇಟೆಯಿಂದ ಉಗುರಿನ ಬಣ್ಣದ ಶೀಶೆ ತಂದು ಹತ್ತೂ ಬೆರಳಿಗೆ ಲುಪೆಯೇ ಬಳಿದಳು, ಕಡುಗೆಂಪು. ಅನಸೈನಿ ಕೈ ಮುಂದೆ ಚಾಚಿ ನೋಡಿಕೊಂಡು ನಕ್ಕಳು. "ಮದುವೆ ಹೆಣ್ಣು ಯಾರೂಂತ ತಿಳೀದೆ ಪಾದ್ರಿ ನನ್ನೇ ಮುಂದಕ್ಕೆ ಕರೆದಾರು!"

ಮದುವೆ ಚೆನ್ನಾಗಿಯೇ ನಡೆಯಿತು. ಆಮೇಲೂ ಮಗಳ ಮನೆಗೆ ಬರುವಾಗಲೆಲ್ಲ ಅನಸೈನಿ ಹೊಸದಾಗಿ ಬಣ್ಣ ಹಚ್ಚಿಕೊಂಡೇ ಬರುತ್ತಿದ್ದಳು. ಬಸ್ಸಿಳಿದ ತಾಯಿಯ ಕೈಯನ್ನು ಲುಪೆ ಮೊದಲು ನೋಡುತ್ತಿದ್ದಳು, ಕೆಂಪಗಿದ್ದರೆ ಅವಳಿಗೆ ನಿರಾಳ. ಅಡಿಯಲ್ಲಿ ಏನಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಕೆಲವು ವರ್ಷ ಕಳೆದು ಅನಸೈನಿಗೆ ಕಣ್ಣಿನ ಪೊರೆ ಬಂತು. ಲುಪೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಪರೇಷನ್ನಿಗೆ ಮುಂಚೆ ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪು ಬೆರಳಿಗೆ ಹಾಕಬೇಕೆಂದು ನರ್ಸ್ ಹತ್ತಿಯಿಂದ ಉಗುರುಗಳನ್ನು ಒರೆಸುತ್ತಾ ಬಂದವಳು ಹೆಬ್ಬೆರಳಿಗೆ ಬಂದು ನಿಂತುಬಿಟ್ಟಳು. ಉಗುರು ಪೂರ್ತಿ ಕಪ್ಪಾಗಿತ್ತು, ನಡುವೆ ಸೀಳಿತ್ತು. ಕಣ್ಣಿನ ಆಪರೇಷನ್ ಮುಂದೆ ಹೋಯಿತು. ಡಾಕ್ಟರ್ ಪುಲೋತು ಬಂದರು. ಅದೇ ದ್ವೀಪದ ಹೆಣ್ಣುಮಗಳು, ಮಾತು ಕಡಕ್.

"ಏನಮ್ಮ ಇದು?"

"ಕೆಲಸದ ಬಣ್ಣ ಕಣಮ್ಮ. ಮೆತ್ಕೊಂಡಿದೆ."

"ಬಣ್ಣ ಆಗಿದ್ರೆ ಉಗುರು ಬೆಳೀತಾ ಬೆಳೀತಾ ಮುಂದಕ್ಕೆ ಸರಿದು ಹೋಗ್ತಿತ್ತು. ಇದು ಬುಡದಿಂದಲೇ ಹುಟ್ಟಿ ಬರ್ತಿದೆ. ಇಲ್ನೋಡಿ, ಚರ್ಮಕ್ಕೂ ಹರಡಿದೆ. ಇಷ್ಟು ದಿನ ಯಾಕೆ ಮುಚ್ಚಿಟ್ರಿ?"

ಅನಸೈನಿ ಮಗಳ ಕಡೆ ನೋಡಲೇ ಇಲ್ಲ. "ಕೆಂಪು ಅಂದ್ರೆ ನಂಗಾಸೆ. ಮುದುಕಿ ಶೋಕಿ."

"ಶೋಕಿಗೆ ಬೆರಳು ಕೊಡ್ತಾರೇನ್ರಿ?" ಡಾಕ್ಟರ್ ಸಿಡುಕಿದರು.

ಲುಪೆ ಪಕ್ಕದಲ್ಲೇ ನಿಂತಿದ್ದಳು. ತಾಯಿ ಬೈಸಿಕೊಳ್ಳುವುದನ್ನು ಕೇಳಿದಳು.

ಬೆರಳು ಮರಗಟ್ಟಿಸಿ, ಉಗುರೆತ್ತಿ, ಬುಡದಿಂದ ಒಂದು ಚೂರು ತೆಗೆದು ಪರೀಕ್ಷೆಗೆಂದು ನ್ಯೂಜಿಲೆಂಡಿಗೆ ಕಳಿಸಿದರು. ಉತ್ತರ ಬಂದ ದಿನ ಡಾಕ್ಟರ್ ಇಬ್ಬರನ್ನೂ ಕೂರಿಸಿಕೊಂಡರು. "ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳಿಗೆ ಬರೋ ಕ್ಯಾನ್ಸರ್."

"ಅದು ಬಿಳಿಯರಿಗೆ ಬರೋದಲ್ವಾ?" ಎಂದಳು ಲುಪೆ.

"ಬಿಸಿಲಿಂದ ಆಗೋದು ಅವರಿಗೆ ಜಾಸ್ತಿ. ಉಗುರಿನಡಿ ಬರೋದಕ್ಕೆ ಬಿಸಿಲು ಬೇಕಿಲ್ಲ, ನಮ್ಮಂಥವರನ್ನೂ ಬಿಡಲ್ಲ. ಗೆರೆ ಯಾವಾಗ ಶುರುವಾಯ್ತು, ನೆನಪು ಮಾಡ್ಕೊಂಡು ಹೇಳಿ."

"ಈಚೆಗೆ" ಎಂದಳು ಅನಸೈನಿ.

"ನನ್ನ ಮದುವೆಗೂ ಮುಂಚೆ" ಎಂದಳು ಲುಪೆ. "ಬಣ್ಣ ಬಳಿದದ್ದು ನಾನು, ಡಾಕ್ಟ್ರೇ. ಅತ್ತೆ ನೋಡ್ತಾರೆ ಅಂತ."

"ಸುಮ್ನಿರೇ! ಮನೆ ಮಾತು ಇಲ್ಲೇಕೆ?"

ಡಾಕ್ಟರ್ ಬೈಯಲಿಲ್ಲ. ತಲೆಯಾಡಿಸಿ ಬರೆದುಕೊಂಡರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು ಎನಿಸಿತು ಲುಪೆಗೆ.

ಹೆಬ್ಬೆರಳನ್ನು ಮೇಲಿನ ಗೆಣ್ಣಿಗೆ ಕತ್ತರಿಸಿದರು. ಕಂಕುಳಿನ ಗ್ರಂಥಿಯೊಂದನ್ನೂ ತೆಗೆದು ನೋಡಿದರು, ಅಲ್ಲಿಗೆ ರೋಗ ಹರಡಿರಲಿಲ್ಲ. "ಸದ್ಯಕ್ಕೆ ಗೆದ್ದಿದೀರಿ. ಆದ್ರೆ ತೋರಿಸ್ಕೊಂಡು ಹೋಗೋದು ತಪ್ಪಿಸಬೇಡಿ" ಎಂದರು ಡಾಕ್ಟರ್.

ಲುಪೆ ಅತ್ತೆಗೆ ಎಲ್ಲವನ್ನೂ ಹೇಳಿದಳು. ಸೆಸಿಲಿಯಾ ಕಣ್ಣು ಬಿಟ್ಟಳು. "ಯಾವ ಉಗುರೇ? ನಾನು ನೋಡೇ ಇಲ್ವಲ್ಲ! ಅವತ್ತು ಹೊಟ್ಟೆ ಕೆಟ್ಟಿತ್ತು, ಹೇಳ್ಕೊಳ್ಳೋಕೆ ನಾಚಿಕೆಯಾಗಿ ಗೆಣಸು ತಿಂದೆ." ಲುಪೆ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಕೂತಳು.

ತಾಯಿಯ ಗಾಯ ಒಣಗಿದ ಮೇಲೆ ಲುಪೆ ಊರಿಗೆ ಹೋದಾಗ ಹೆಂಗಸರು ಕೆಲಸದ ಚಪ್ಪರದಡಿ ಬಿದ್ದು ಬಿದ್ದು ನಗುತ್ತಿದ್ದರು. ಅನಸೈನಿ ಮೊಂಡು ಬೆರಳನ್ನು ಎತ್ತಿ ಆಡಿಸುತ್ತಿದ್ದಳು. "ಅದು ಮೊದ್ಲೇ ಹೋಗಿ ಸ್ವರ್ಗದಲ್ಲಿ ನಂಗೆ ಜಾಗ ಹಿಡಿದಿದೆ ಕಣ್ರೇ!" ಅಷ್ಟರಲ್ಲಿ ಮಗಳು ಕಂಡಳು. ತಟ್ಟನೆ ಆ ಕೈ, ಅಲ್ಲಿನ ವಾಡಿಕೆಯಂತೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ ಚಾಪೆಯೊಳಗೆ ಹೋಯಿತು.

ಊರಿಗೆಲ್ಲ ತೋರಿಸುವ ಕೈಯನ್ನು ತಾಯಿ ಮುಚ್ಚಿಟ್ಟದ್ದು ತನ್ನೊಬ್ಬಳ ಕಣ್ಣಿಂದ.

"ಬೆರಳು ನೋಡ್ಲಾ, ಅಮ್ಮ?"

"ನೋಡೋಕೆ ಏನಿದೆ, ಎಲ್ಲಾ ಒಣಗಿದೆ. ಊಟ ಆಯ್ತಾ?"

ಲುಪೆ ಎದುರಿಗೆ ಕೂತು, ಬಣ್ಣದಲ್ಲಿ ಅದ್ದಿದ ಬಟ್ಟೆಯುಂಡೆಯನ್ನು ಕೈಗೆತ್ತಿಕೊಂಡು ತೊಗಟೆಯ ಮೇಲೆ ತಿಕ್ಕತೊಡಗಿದಳು.

"ಹಾಗೆ ಒತ್ತಬೇಡ ಕಣೇ, ಹರಿಯತ್ತೆ." ಅನಸೈನಿ ಎಡಗೈ ಚಾಚಿ ಮಗಳ ಮಣಿಕಟ್ಟನ್ನು ಸರಿಪಡಿಸಿದಳು. ಬಲಗೈ ಮಾತ್ರ ಚಾಪೆಯಿಂದ ಹೊರಗೆ ಬರಲಿಲ್ಲ.