ಪರೀಕ್ಷೆಗೆ ತಂದ ಬಾಯಿ

ಲವಂಗ — ಬಾಯಿ ತೆರೆದಿದ್ದೇ ತಡ ಲವಂಗದ ಘಾಟು ಮುಖಗವಸು ದಾಟಿ ಮೂಗಿಗೆ ಬಡಿಯಿತು, ಬೆಳಗಾಗೆದ್ದು ಲವಂಗ ಅಗಿಯೋಕೆ ಈ ಮನುಷ್ಯನಿಗೇನು ಧಾಡಿ, ಏನೋ ವಾಸನೆ ಮುಚ್ಚೋಕಲ್ಲದೆ ಇನ್ಯಾತಕ್ಕೆ, ಹೊಗೆಸೊಪ್ಪು ಬಿಟ್ಟು ಯಾವ ಕಾಲವಾಯ್ತು ಅಂತ ಎಲ್ಲರೆದುರು ಎದೆ ತಟ್ಟಿಕೊಂಡು ಹೇಳುತ್ತಾನಲ್ಲ, ಇವತ್ತು ಎಲ್ಲಿಗೆ ಓಡುತ್ತಾನೆ ನೋಡೋಣ — ದೀಪದ ಹಿಡಿ ಎಳೆದು ಬೆಳಕನ್ನು ಅವನ ಗದ್ದದ ಮೇಲೆ ನಿಲ್ಲಿಸಿದಳು, ಕ್ಷೌರಕ್ಕೆ ಕೂರಿಸಿದ ಮಗುವಿನ ಹಾಗೆ ಗಂಡ ಕೈಯೆರಡೂ ಹೊಟ್ಟೆ ಮೇಲಿಟ್ಟುಕೊಂಡು ಕುರ್ಚಿಗೆ ಒರಗಿದ್ದಾನೆ, ಎದೆ ಮೇಲೆ ನೀಲಿ ಕಾಗದ, ಅಕ್ಕಪಕ್ಕದ ಕುರ್ಚಿಗಳಲ್ಲೂ ಹೀಗೇ ತೆರೆದ ಬಾಯಿಗಳು, ಯಾರದೋ ಚಿಕ್ಕಪ್ಪ, ಯಾರದೋ ಮನೆ ಮಾಲೀಕ, ಹಲ್ಲು ಶುಚಿ ಮಾಡುವ ಕೋರ್ಸಿನ ಕೊನೆಯ ಪರೀಕ್ಷೆ, ರೋಗಿಯನ್ನ ನೀವೇ ಕರ್ಕೊಂಡು ಬರ್ಬೇಕು ಅಂದಿದ್ದರು ಮೇಡಂ, ಹಲ್ಲಲ್ಲಿ ಗಾರೆ ಚೆನ್ನಾಗಿ ಕಟ್ಟಿರ್ಬೇಕು, ಇಲ್ದಿದ್ರೆ ಏನನ್ನ ಕೆರೀತೀರಿ ಮಣ್ಣು — ಪಾಚಿ ಕಟ್ಟಿ ಕಲ್ಲಾಗಿದ್ದಕ್ಕೆ ಗಾರೆ ಅಂತ ಹೆಸರಿಟ್ಟವರೂ ಅವರೇ, ಅವತ್ತಿನಿಂದ ಇಡೀ ತರಗತಿಗೆ ಹುಚ್ಚು, ಬಸ್ಸಲ್ಲಿ ಯಾರಾದರೂ ಆಕಳಿಸಿದರೆ ಬಗ್ಗಿ ನೋಡುವುದು, ತರಕಾರಿಯವನು ನಕ್ಕರೆ ಆಹಾ ಎಂಥ ಗಾರೆ ಅಂತ ಬಾಯಲ್ಲಿ ನೀರೂರುವುದು, ಅವಳಿಗೆ ಮಾತ್ರ ಆ ಚಿಂತೆ ಇರಲಿಲ್ಲ, ನಿಧಿ ಮನೆಯಲ್ಲೇ ಇತ್ತು, ಗಂಡನ ಕೆಳಸಾಲಿನ ಮುಂದಿನ ಹಲ್ಲುಗಳ ಹಿಂಭಾಗದಲ್ಲಿ, ಕೋರ್ಸು ಸೇರಿದ ಹೊಸತರಲ್ಲಿ ಕನ್ನಡಿ ಹಿಡಿದು ನೋಡಿ ಕುಣಿದಾಡಿದ್ದಳು, ಚಿನ್ನದ ಗಣಿ ಕಣೇ ನಿನ್ನ ಗಂಡ, ನಂಗೆ ಕೊಡ್ತೀಯಾ, ಅಂದಿದ್ದಳು ಪಕ್ಕದ ಬೆಂಚಿನ ಗಿಣಿ — ಮಾತು ನಿಲ್ಲಿಸದ ಆ ಗೆಳತಿಗೆ ಎಲ್ಲರೂ ಇಟ್ಟ ಹೆಸರು ಅದು — ತಮಾಷೆಗೆ ಅಂದಳು ಅಂತ ಆಗ ಇವಳೂ ನಕ್ಕಿದ್ದಳು.

ಪುಟ್ಟ ಕನ್ನಡಿ ನೇರ ಅಲ್ಲಿಗೇ ಹೋಯಿತು, ಹೊಗೆಸೊಪ್ಪಿನ ಕಂದು ಕರೆ ಮೊದಲು ಕೂರುವುದು ಗಾರೆಯ ಮೇಲೇ ಅಲ್ಲವೇ, ಕಳ್ಳ ಸಿಕ್ಕಿಬೀಳುವುದೂ ಅಲ್ಲೇ — ಅಯ್ಯೋ, ಏನಿದು, ಕರೆ ಇಲ್ಲ, ಕರೆ ಹಾಳಾಗಿ ಹೋಗಲಿ, ಗಾರೆಯೇ ಇಲ್ಲ, ಕನ್ನಡಿಯನ್ನು ಈ ಕಡೆ ವಾಲಿಸಿದಳು, ಆ ಕಡೆ ವಾಲಿಸಿದಳು, ತೊಳೆದಿಟ್ಟ ಪಿಂಗಾಣಿ ತಟ್ಟೆಯ ಹಾಗೆ ಒಂದೊಂದು ಹಲ್ಲೂ ಹೊಳೆಯುತ್ತಿದೆ, ಕಡ್ಡಿಯಿಂದ ಗೀರಿದರೆ ಜರ್ರನೆ ಜಾರುತ್ತದೆ, ಇನ್ನು ಕೆರೆಯುವುದೇನನ್ನು, ಪರೀಕ್ಷೆ ಕೆಟ್ಟಿತಲ್ಲಪ್ಪ ದೇವರೇ, ಗಾರೆ ಅದಾಗಿ ಉದುರುವುದಿಲ್ಲ, ಯಾವ ಬ್ರಷ್ಷಿಗೂ ಜಗ್ಗುವುದಿಲ್ಲ, ಅದನ್ನು ಕೈಯಿಂದಲೇ ತೆಗೆಯಬೇಕು, ಯಾರ ಕೈ, ಯಾರ ಕೈ ಇದು — ಮೂರು ಕುರ್ಚಿ ಆಚೆ ಗಿಣಿ ತನ್ನ ರೋಗಿಯ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಾಳೆ, ನಂಗೆ ಕೊಡ್ತೀಯಾ ಅಂದವಳು, ಅಭ್ಯಾಸಕ್ಕೆ ಬಾಯಿ ಸಿಗದೆ ಒದ್ದಾಡುತ್ತಿದ್ದವಳು ಹೋದ ತಿಂಗಳು ಇದ್ದಕ್ಕಿದ್ದಂತೆ ಸಿಕ್ತು ಕಣೇ ಅಂದಳಲ್ಲ, ಯಾರೇ ಅಂದರೆ ಹೇಳಲಿಲ್ಲ, ಛೆ, ಹಾಗಿರಲಾರದು, ಇರಲಾರದು ಯಾಕೆ, ಈಗ ತಾನೇ ನಿಯಮದ ಪ್ರಕಾರ ಇವಳೇ ಗಂಡನನ್ನು ಕೇಳಿದಳಲ್ಲ, ಇತ್ತೀಚೆಗೆ ಬಾಯಿಗೆ ಏನಾದರೂ ಚಿಕಿತ್ಸೆ ತಗೊಂಡಿದ್ದೀರಾ, ಇಲ್ಲ ಮೇಡಂ, ಅಂದನಲ್ಲ ಹೆಂಡತಿಯನ್ನೇ ಮೇಡಂ ಅಂತ ಕರೆದು, ಕಣ್ಣು ಮಾತ್ರ ಚಾವಣಿಯ ಫ್ಯಾನಿನ ಮೇಲೆ, ಸುಳ್ಳ, ಮಹಾ ಸುಳ್ಳ, ಹೋದ ಶನಿವಾರ ಆಫೀಸಲ್ಲಿ ಲೆಕ್ಕ ತಪಾಸಣೆ ಅಂತ ಹೋಗಿ ಸಂಜೆ ಬಂದವನು ಬ್ರೆಡ್ಡನ್ನು ಹಾಲಲ್ಲಿ ಅದ್ದಿಕೊಂಡು ಬಲಗಡೆಯಲ್ಲೇ ನಮಲಿದ, ಮಾತು ತೊದಲುತ್ತಿತ್ತು, ಕುಡಿದು ಬಂದಿದ್ದೀರೇನ್ರೀ ಅಂದರೆ ಗೋಡೆ ಕಡೆ ಹೊರಳಿ ಮಲಗಿದ, ಆಮೇಲಿಂದ ಮುಖಕ್ಕೆ ಮುಖ ಕೊಟ್ಟು ಮಾತಿಲ್ಲ, ಒಂದು ಮುತ್ತಿಲ್ಲ, ಅದರ ಮೇಲೆ ನಾದಿನಿಯ ಫೋನು, ಹಬ್ಬಹರಿದಿನಕ್ಕೂ ನೆನೆಯದವಳು ದಿನಾ ಫೋನು, ಅತ್ತಿಗೆ, ಅಣ್ಣ ಊಟ ಮಾಡ್ದನಾ, ಎಷ್ಟು ತಿಂದ, ಇದ್ಯಾವ ಹೊಸ ಅಕ್ಕರೆ, ಅಣ್ಣ ತಂಗಿ ಸೇರಿ ಏನನ್ನೋ ಮುಚ್ಚುತ್ತಿದ್ದಾರೆ, ತಂಗಿಗೆ ಗೊತ್ತಿದ್ದು ಹೆಂಡತಿಗೆ ಗೊತ್ತಿಲ್ಲ, ನಿನ್ನೆ ಅಂಗಿಗೆ ಇಸ್ತ್ರಿ ಹಾಕುತ್ತಾ ಕೇಳಿದನಲ್ಲ, ನಾಳೆ ಬರೀ ಹಲ್ಲು ತಾನೇ ನೋಡೋದು, ಹೂಂ, ಬರೀ ಹಲ್ಲು, ಯಾಕೆ, ಏನಿಲ್ಲ ಕಣೇ ಸುಮ್ನೆ, ಈ ಸುಮ್ನೆ ಅನ್ನೋ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತದೆ.

ಎಲ್ಲಿಂದ ಶುರು ಮಾಡ್ದೆ — ಬೆನ್ನ ಹಿಂದೆ ಮೇಡಂ, ಯಾವಾಗ ಬಂದು ನಿಂತರೋ, ಹಲ್ಲಿಂದ ಮೇಡಂ, ಹಲ್ಲಿಂದಾನಾ, ಮೊದಲನೇ ಪಾಠ ಏನಮ್ಮ — ಮೊದಲನೇ ಪಾಠ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲಳು, ಮೊದಲು ಕತ್ತು, ಆಮೇಲೆ ತುಟಿ, ಕೆನ್ನೆಯ ಒಳಗು, ನಾಲಿಗೆ, ನಾಲಿಗೆಯ ಅಡಿ, ಎಲ್ಲ ಮುಗಿದ ಮೇಲೆ ಹಲ್ಲು, ಹಲ್ಲು ಎಲ್ಲಿಗೂ ಓಡಿಹೋಗಲ್ಲ ಅಂತ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು, ಕಳ್ಳನನ್ನು ಹಿಡಿಯುವ ಆತುರದಲ್ಲಿ ಅದೊಂದೂ ನೆನಪಿಗೆ ಬರಲಿಲ್ಲವಲ್ಲ, ಹೋಯಿತು, ಅಂಕ ಹೋಯಿತು, ಇವನಿಂದಲೇ, ತಿರುಗಿ ಮೊದಲಿಂದ ಮಾಡು, ಅಂದರು ಮೇಡಂ, ಕತ್ತು ಮುಟ್ಟಿದಳು, ತುಟಿ ಮಗುಚಿದಳು, ಕೆನ್ನೆ ನೋಡಿದಳು, ಬಿಳಿ ಬಟ್ಟೆಯ ಚೂರು ಮಡಚಿ ಬೆರಳಿಗೆ ಸುತ್ತಿಕೊಂಡು ರೀ, ನಾಲಿಗೆ ಚಾಚಿ ಅಂದಳು, ಬಾಯಿ ಟಪ್ಪನೆ ಮುಚ್ಚಿತು, ನಾಲಿಗೆ ಯಾಕೆ, ಬರೀ ಹಲ್ಲು ಅಂದಿದ್ದೆಯಲ್ಲ, ಚಾಚಿ ಅಂದ್ರೆ ಚಾಚಿ, ಮೇಡಂ ನಿಂತಿದ್ದಾರೆ, ಬೇಡ ಕಣೇ, ಪರೀಕ್ಷೆ ಮುಗೀಲಿ, ಮನೇಲಿ ನೋಡುವಂತೆ, ನನ್ನ ಮಾನ ತೆಗೀಬೇಡ್ರೀ ಇಲ್ಲಿ — ಅವನು ಮೇಡಂನ ನೋಡಿದ, ಇವಳನ್ನು ನೋಡಿದ, ಎಷ್ಟು ದಿನವಾಗಿತ್ತು ಹೀಗೆ ನೆಟ್ಟಗೆ ನೋಡಿ, ಆಮೇಲೆ ನಿಧಾನವಾಗಿ ಚಾಚಿದ, ತುದಿಯನ್ನು ಬಟ್ಟೆಯಲ್ಲಿ ಹಿಡಿದಳು, ಕೋಪಕ್ಕೆ ಒಂದಿಷ್ಟು ಜೋರಾಗಿಯೇ ಹಿಡಿದಳು, ಬಲಕ್ಕೆ ಎಳೆದು ಎಡದ ಅಂಚನ್ನು ಬೆಳಕಿಗೆ ತಿರುಗಿಸಿದಳು.

ದಾರ. ಕಪ್ಪು ದಾರ, ಬಟ್ಟೆಗೆ ಗುಂಡಿ ಹೊಲಿದು ಬಿಟ್ಟ ಹಾಗೆ, ಗಂಟು, ಗಂಟಿನಿಂದ ಎದ್ದು ನಿಂತ ಎರಡು ತುದಿ, ಸುತ್ತ ಬಿಳಿಚಿಕೊಂಡ ಮಾಂಸ — ಇದೇನು, ಇದು ಗೊತ್ತು, ಪರದೆ ಮೇಲೆ ಚಿತ್ರ ತೋರಿಸಿದ್ದರು, ವಾರಗಟ್ಟಲೆ ಮಾಯದ ಹುಣ್ಣಿದ್ದರೆ ಒಂದು ಚೂರು ಕತ್ತರಿಸಿ ಹೊಲಿಗೆ ಹಾಕ್ತಾರೆ, ಚೂರನ್ನ ಪರೀಕ್ಷೆಗೆ ಕಳಿಸ್ತಾರೆ, ಅದಕ್ಕೂ ಮುಂಚೆ ಹಲ್ಲೆಲ್ಲ ಶುಚಿ ಮಾಡ್ತಾರೆ, ಬರ್ಕೊಳ್ಳಿ, ನಾಲಿಗೆಯ ಅಂಚು, ಎಲ್ಲಕ್ಕಿಂತ ಅಪಾಯದ ಜಾಗ ಅದು, ಅಡಿಗೆರೆ ಎಳ್ಕೊಳ್ಳಿ, ಎಳೆದುಕೊಂಡಿದ್ದಳು, ಕೆಂಪು ಶಾಯಿಯಲ್ಲಿ — ಶನಿವಾರ, ಹಾಗಾದರೆ ಶನಿವಾರ ಹೋದದ್ದು ಇದಕ್ಕೆ, ಜೊತೆಗೆ ತಂಗಿಯನ್ನು ಕರೆದುಕೊಂಡು ಹೋದನೇ, ಹೆಂಡತಿಗೆ ಪರೀಕ್ಷೆ ಇದೆ, ಓದಿಕೊಳ್ಳಲಿ, ಆಮೇಲೆ ಹೇಳೋಣ ಅಂತ, ಅಯ್ಯೋ ನನ್ನಪ್ಪ, ಕುಡಿದಿದ್ದೀರೇನ್ರೀ ಅಂದೆನಲ್ಲ, ಹೊಲಿಗೆ ಹಾಕಿದ ನಾಲಿಗೆಯಲ್ಲಿ ಏನಂತ ಮಾತಾಡಬೇಕಿತ್ತು ಅವನು — ದಾರ, ಬೆಳಕು ಬಿದ್ದ ಕಡೆ ಒದ್ದೆ ಹೊಳಪು, ಮೊದಲು ನೋಡಿದಾಗ ಇದಿತ್ತೇ, ಹುಣ್ಣಿತ್ತೇ, ಗಾರೆ ನೋಡಿ ಕುಣಿದ ಆ ದಿನ ನಾಲಿಗೆ ಅಡ್ಡ ಬರ್ತಿದೆ ಆ ಕಡೆ ಇಟ್ಕೊಳ್ರೀ ಅಂತ ಕನ್ನಡಿಯ ಬೆನ್ನಿನಿಂದ ತಾನೇ ತಳ್ಳಿದಳು, ತಳ್ಳಿದಳೇ ಹೊರತು ನೋಡಲಿಲ್ಲ, ಏನು ಕಾಣ್ತಿದೆಯಮ್ಮ, ಗಟ್ಟಿಯಾಗಿ ಹೇಳು, ಜಾಗ, ಅಳತೆ, ಬಣ್ಣ, ಎಡ ಅಂಚು ಮೇಡಂ, ಎಡ ಅಂಚು, ಅಳತೆ — ಮೇಡಂ ಬಗ್ಗಿದರು, ನೋಡಿದರು, ಅವರ ಕೈ ಇವಳ ಹೆಗಲ ಮೇಲೆ ಬಂದು ಕೂತಿತು, ಎಂದೂ ಯಾರ ಹೆಗಲನ್ನೂ ಮುಟ್ಟದ ಕೈ, ಗಂಡನ ಕಣ್ಣಲ್ಲಿ ನೀರು, ನೋವಿಗೋ ಏನಕ್ಕೋ, ಅಂ ಅಂ ಅಂತ ಏನೋ ಹೇಳಹೊರಟಿದ್ದಾನೆ, ನಾಲಿಗೆ ಇವಳ ಬೆರಳಲ್ಲಿ, ಬಿಟ್ಟರೆ ಹೇಳಿಯಾನು, ಚೂರಿನ ಉತ್ತರ ಬಂದಿದೆಯೋ ಇಲ್ಲವೋ, ಬಂದಿದ್ದರೆ ಏನಂತ ಬಂದಿದೆ, ಇಷ್ಟು ದಿನ ಹೇಳ್ರೀ ಹೇಳ್ರೀ ಅಂತ ಜೀವ ತಿಂದವಳು ಇವಳೇ, ಬಿಡಮ್ಮ, ಅವರಿಗೆ ನೋವಾಗ್ತಿದೆ, ಬಿಡು, ಅನ್ನುತ್ತಿದ್ದಾರೆ ಮೇಡಂ, ಹೂಂ ಮೇಡಂ, ಬಿಡ್ತೀನಿ, ಬಿಟ್ಟರೆ ಮಾತಾಡುತ್ತಾನೆ, ಬೆರಳು ಬಿಡಲೊಲ್ಲದು, ಒಂದು ನಿಮಿಷ ಮೇಡಂ, ಅಳತೆ ಹೇಳ್ಬೇಕು, ಬಣ್ಣ ಹೇಳ್ಬೇಕು, ಬಣ್ಣ ಕಪ್ಪು, ಕಪ್ಪು ದಾರ ಮೇಡಂ, ಗಂಟು, ಎರಡು ತುದಿ, ಅವನು ಉಸಿರೆಳೆದಾಗಲೊಮ್ಮೆ ಅಲ್ಲಾಡುವ ಎರಡು ಕಪ್ಪು ತುದಿ