ಗಾರೆಯ ಹಿಂದಿನ ವಾಲ್ವ್

"ತಲೆ ಕಡೆ ಎತ್ತಿ, ಸ್ವಲ್ಪ ಓರೆ ಮಾಡಿ," ಎಂದ ಸತ್ತವನ ಜೊತೆ ದುಡಿದಿದ್ದ ವೆಲ್ಡರ್. ಹೆಣ ಹೊತ್ತವರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿದ್ದರು. "ಇಪ್ಪತ್ತಡಿ ಪೈಪನ್ನೇ ಇಂಥ ಮೆಟ್ಟಿಲಲ್ಲಿ ಹತ್ತಿಸಿದೋರು ನಾವು. ಇವನೊಬ್ಬನನ್ನ ಇಳಿಸೋಕಾಗಲ್ವಾ?"

ಅಳುತ್ತಿದ್ದವರೂ ನಕ್ಕರು. ಹಿಂದೆ ಇಳಿಯುತ್ತಿದ್ದ ಮಗಳು ಮಾತ್ರ ನಗಲಿಲ್ಲ.

ಕಟ್ಟಡಗಳಿಗೆ ಬೆಂಕಿ ಆರಿಸುವ ಕೊಳವೆ ಕೂರಿಸುವುದು ಅಪ್ಪನ ಕಸುಬು. ಎಲ್ಲರಿಗೂ ಅವನು ಪೈಪಣ್ಣ. ಅವನಿಗೆ ಸ್ಪ್ಯಾನರ್ ಎತ್ತಿಕೊಡುತ್ತಲೇ ಮಗಳೂ ಆ ಕೆಲಸ ಕಲಿತಿದ್ದಳು. "ಇರೋದು ಮೂರೇ ಮಹಡಿ, ಇಷ್ಟೆಲ್ಲ ಯಾಕೆ?" ಎಂದು ಮೂಗು ಮುರಿಯುವ ಮಾಲೀಕರಿಗೆ ಅಪ್ಪನದು ಒಂದೇ ಉತ್ತರ: "ಬೆಂಕಿ ಮಹಡಿ ಎಣಿಸುತ್ತಾ ಸ್ವಾಮಿ? ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತೀರಾ?"

ಕೆಳಗೆ ಅಂಗಳದಲ್ಲಿ ಹೊಲಿಗೆ ಕಾರ್ಖಾನೆಯ ಮಾಲೀಕ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ.

"ಒಂದು ನಟ್ಟು ಸಡಿಲ ಇದ್ರೂ ಸಹಿ ಹಾಕ್ತಿರಲಿಲ್ಲ ನಿಮ್ಮಪ್ಪ. ನಿನಗೆ ಏನು ಬೇಕಾದ್ರೂ ನನ್ನ ಕೇಳಮ್ಮ."

ಅವಳು ಅವನ ಮುಖ ನೋಡದೆ ಮುಂದೆ ನಡೆದಳು.

*

ಹೋದ ವಾರ ಆಸ್ಪತ್ರೆಯಲ್ಲಿ ಅಪ್ಪ ಇದ್ದಕ್ಕಿದ್ದಂತೆ ಹೇಳಿದ್ದ: "ಹೊಲಿಗೆ ಕಾರ್ಖಾನೆಯ ಎರಡನೇ ಮಹಡೀಲಿ, ಮೆಟ್ಟಿಲ ಹತ್ರ, ಒಂದು ವಾಲ್ವ್ ಇದೆ. ಗೋಡೆ ಒಳಗೆ."

"ಗೋಡೆ ಒಳಗೆ ಯಾಕಪ್ಪ?"

"ನಾನು ಹೊರಗೇ ಇಟ್ಟಿದ್ದೆ. ನೋಡೋಕೆ ಚೆನ್ನಾಗಿಲ್ಲ ಅಂತ ಮಾಲೀಕರು ಗಾರೆ ಬಳಿಸಿಬಿಟ್ರು. ಆ ವರ್ಷ ನನಗೆ ಕೆಲಸ ಕೊಟ್ಟೋರು ಅವರೊಬ್ಬರೇ. ಎಲ್ಲ ಸರಿ ಇದೆ ಅಂತ ಬರೆದುಕೊಟ್ಟೆ."

ಅದರ ಅರ್ಥ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಚಾವಣಿಯಿಂದ ನೀರು ಚಿಮುಕಿಸುವ ಸ್ಪ್ರಿಂಕ್ಲರ್‌ಗಳು ಮೊದಲ ಉರಿಯನ್ನು ತಡೆದಾವು. ಆಮೇಲೆ ಬರುವ ಅಗ್ನಿಶಾಮಕದವರು ತಮ್ಮ ಪೈಪು ಸಿಕ್ಕಿಸಬೇಕಾದ್ದು ಆ ವಾಲ್ವಿಗೆ. ಅದು ಸಿಗದಿದ್ದರೆ ಬೀದಿಯಿಂದ ಪೈಪು ಎಳೆದುಕೊಂಡು, ಅಲ್ಲಿ ಹೊಲಿಯುವ ನಲವತ್ತು ಹೆಂಗಸರು ಇಳಿದೋಡುತ್ತಿರುವ ಮೆಟ್ಟಿಲನ್ನೇ ಅವರು ಹತ್ತಬೇಕು.

"ಊರಿಗೆಲ್ಲ ಪಾಠ ಹೇಳಿದ್ಯಲ್ಲಪ್ಪ."

"ಅದಾದ ಮೇಲೇ ಕಣಮ್ಮ, ಅಷ್ಟು ಜೋರಾಗಿ ಹೇಳೋಕೆ ಶುರು ಮಾಡಿದ್ದು," ಎಂದ ಅಪ್ಪ. ಸಿಟ್ಟಿನಲ್ಲಿ ಅವಳು ಆ ದಿನ ಅವನ ಜೊತೆ ಮತ್ತೆ ಮಾತಾಡಲಿಲ್ಲ.

*

ಮಣ್ಣು ಮಾಡಿ ಎಲ್ಲರೂ ಅಂಗಳಕ್ಕೆ ಮರಳಿದರು. ಹೊಗಳಿಕೆ ಇನ್ನೂ ನಡೆದೇ ಇತ್ತು. ಬಾಯಿ ಬಿಟ್ಟರೆ ಅಪ್ಪನ ಹೆಸರು ಇವತ್ತೇ ಕೆಡುತ್ತದೆ. ಬಿಡದಿದ್ದರೆ ಆ ಗಾರೆಯ ಮೇಲೆ ತಾನೂ ಒಂದು ಕೈ ಬಳಿದ ಹಾಗೆ. ಅವಳು ನೇರ ಮಾಲೀಕನ ಎದುರು ನಿಂತಳು.

"ಏನು ಬೇಕಾದ್ರೂ ಕೇಳು ಅಂದ್ರಲ್ಲ. ನಿಮ್ಮ ಎರಡನೇ ಮಹಡಿ ಗೋಡೆ ಒಡೀಬೇಕು. ಒಳಗೆ ವಾಲ್ವ್ ಇದೆ. ಗೊತ್ತಿದ್ದೂ ನಮ್ಮಪ್ಪ ಸರಿ ಇದೆ ಅಂತ ಬರೆದುಕೊಟ್ಟಿದ್ರು."

ಅಪ್ಪನ ತಂಗಿ ಅವಳ ತೋಳು ಹಿಡಿದಳು. "ಇವತ್ತೇ ಆಡಬೇಕಿತ್ತೇನೇ ಈ ಮಾತು?"

"ಕಾರ್ಖಾನೆ ಇವತ್ತೂ ನಡೀತಾ ಇದೆಯಲ್ಲ ಅತ್ತೆ."

"ಬರೆದದ್ದು ಅವರು, ನಿಜ," ಎಂದ ಮಾಲೀಕ ತಲೆ ತಗ್ಗಿಸಿ. "ಬಳಿಸಿದ್ದು ನಾನು. ನಡಿಯಮ್ಮ."

ವೆಲ್ಡರ್ ಸುತ್ತಿಗೆ, ಉಳಿ ಎತ್ತಿಕೊಂಡ.

ಕಾರ್ಖಾನೆಯಲ್ಲಿ ಮೊದಲ ಏಟು ಬಿದ್ದಾಗ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಹೆಂಗಸರು ಬಂದು ಮೆಟ್ಟಿಲ ತುಂಬ ನಿಂತರು. ಗಾರೆ ಉದುರಿ, ಬಣ್ಣ ಮಾಸಿದ ಕೆಂಪು ಚಕ್ರ ಕಾಣಿಸಿತು. ಅವಳೊಬ್ಬಳಿಗೆ ಅದು ಜಗ್ಗಲಿಲ್ಲ. ವೆಲ್ಡರ್ ಕೈ ಹಾಕಿದ, ಮಾಲೀಕನೂ ಅಂಗಿಯ ತೋಳು ಮಡಚಿ ಕೈ ಹಾಕಿದ. ಚಕ್ರ ಕಿರುಗುಟ್ಟಿ ತಿರುಗಿತು. ಕೊಳವೆ ಎರಡು ಸಲ ಕೆಮ್ಮಿತು. ತುಕ್ಕಿನ ಕೆಂಪು ನೀರು ಬಂತು, ಅದರ ಹಿಂದೆ ತಿಳಿನೀರು ರಭಸದಿಂದ ನುಗ್ಗಿತು.

"ನಿಲ್ಲಿಸಲಾ?" ಎಂದು ಕೇಳಿದ ಮಾಲೀಕ, ಮೊಣಕಾಲವರೆಗೆ ನೆನೆದು.

"ಇನ್ನೂ ಸ್ವಲ್ಪ ಹರೀಲಿ," ಎಂದಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು.

ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಧುಮುಕುತ್ತ ಇಳಿಯಿತು. ಹೆಂಗಸರು ಬಟ್ಟೆಯನ್ನು ಒಂದಿಷ್ಟು ಮೇಲೆತ್ತಿ ಹಿಡಿದುಕೊಂಡರು. ಪಾದದ ಮೇಲೆ ನೀರು ಹರಿಯುತ್ತಿದ್ದರೂ ಒಬ್ಬಳೂ ಪಕ್ಕಕ್ಕೆ ಸರಿಯಲಿಲ್ಲ.