ಕೈಬಿಟ್ಟು ನಡೆದ ಅಕ್ಕೋರು

ನಾನು ಒಂದು ಬಿದಿರುಕೋಲು. ಬರೀ ಕೋಲೆಂದು ಮೂಗು ಮುರಿಯಬೇಡಿ. ಧಾರವಾಡದ ಅಂಚಿನ ಕೆರೆಕಾಡಿನಲ್ಲಿ ನನ್ನಷ್ಟು ಸುತ್ತು ಹಾಕಿದವರು ಇನ್ನೊಬ್ಬರಿಲ್ಲ. ಕಾಡಿನ ಗೇಟು ಕಾಯುವ ಫಕ್ಕೀರಪ್ಪ ನನ್ನನ್ನು ಮೆಳೆಯಿಂದ ಕಡಿದು, ಗಿಣ್ಣು ಹೆರೆದು, ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನ ಡೊಂಕಂತೂ ಹೋಯಿತು.

ಈ ಕಾಡಿಗೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಒಂದೇ ಪದ್ಧತಿ: ಒಳಗೆ ಹೋಗುವಾಗ ಗೇಟಿನ ಡ್ರಮ್ಮಿನಿಂದ ಒಂದು ಕೋಲು ತೆಗೆದುಕೊಳ್ಳಬೇಕು, ಹೊರಡುವಾಗ ಅಲ್ಲೇ ಇಡಬೇಕು. ಹಾಗಾಗಿ ನನಗೆ ದಿನಕ್ಕೊಬ್ಬ ಧಣಿ. ವಕೀಲರೊಬ್ಬರು ನನ್ನನ್ನು ಬೀಸುತ್ತ ಮರಗಳ ಮುಂದೆ ವಾದ ಮಾಡುತ್ತಿದ್ದರು. ಹೊಸ ಜೋಡಿಯೊಂದು ಒಂದೊಂದು ತುದಿ ಹಿಡಿದು ಇಡೀ ಕೆರೆ ಸುತ್ತಿತು. ಆ ದಿನ ನನಗೇ ನಾಚಿಕೆಯಾಯಿತು.

ಆಮೇಲೆ ನೀಲಗಂಗಾ ಅಕ್ಕೋರು ಬಂದರು. ಮೂವತ್ತು ವರ್ಷ ಕನ್ನಡ ಸಾಲೆಯಲ್ಲಿ ಪಾಠ ಹೇಳಿದವರು. ಬಚ್ಚಲಲ್ಲಿ ಜಾರಿ ಸೊಂಟ ಮುರಿದಿತ್ತು. ಎಲುಬು ಕೂಡಿದೆ ಎಂದು ಡಾಕ್ಟರು ಹೇಳಿದ್ದರು, ಆದರೆ ಅಂಜಿಕೆ ಹೋಗಿರಲಿಲ್ಲ. ಒಂದು ಕೈಯಲ್ಲಿ ನಾನು, ಇನ್ನೊಂದು ಕೈಗೆ ತಂಗಿ ಕಾಶೀಬಾಯಿ.

"ಒಂದ್ಸಲ ಯಾರ ಕೈನೂ ಹಿಡೀದ ಕೆರಿ ಸುತ್ತಬೇಕು ಫಕ್ಕೀರಪ್ಪಾ," ಎಂದರು ಮೊದಲ ದಿನವೇ. "ಇಲ್ಲಾಂದ್ರ ಇನ್ನ ಬರೇ ಕಿಟಕಿ ಮುಂದ ಕುಂದ್ರೂದ."

ದಿನವೂ ಡ್ರಮ್ಮಿನಿಂದ ನನ್ನನ್ನೇ ಆರಿಸಿಕೊಂಡರು, ಮೂರು ತಿಂಗಳು ನಡೆದೆವು. ಮೊದಲ ತಿರುವು ದಾಟಲಿಲ್ಲ. ಅವರ ಬೆರಳ ಬಿಗಿಗೆ ನನ್ನ ತಲೆ ನುಣುಪಾಯಿತು. ನಾನಿಲ್ಲದಿದ್ದರೆ ಇವರ ಗತಿಯೇನು ಎಂದು ನನಗೆ ಜಂಬವೂ ಬಂದಿತ್ತು.

ಒಂದು ಮುಂಜಾನೆ ಕಾಶೀಬಾಯಿಗೆ ಕವಳಿಹಣ್ಣು ಕಂಡಿತು. ಅಕ್ಕನನ್ನು ಕಲ್ಲಿನ ಮೇಲೆ ಕೂರಿಸಿ, ಮುಳ್ಳು ಸರಿಸಲು ನನ್ನನ್ನು ಕಸಿದುಕೊಂಡು ಪೊದೆಗೆ ಹೋದರು. ಅಷ್ಟರಲ್ಲಿ ತಿರುವಿನಾಚೆ ದಪ್ಪ ಮೀಸೆಯ ಗೃಹಸ್ಥನೊಬ್ಬ ಹೊಂಗೆ ಮರದ ತೊಗಟೆಯಲ್ಲಿ ಚಾಕುವಿನಿಂದ ತನ್ನ ಹೆಸರು ಕೆತ್ತತೊಡಗಿದ.

"ಏಯ್! ಏನ್ ಮಾಡಾಕತ್ತಿ ಅಲ್ಲಿ?"

ಅಕ್ಕೋರು ಕೆಂಡಾಮಂಡಲವಾಗಿ ಎದ್ದರು. ಎದ್ದವರು ನಡೆದೇಬಿಟ್ಟರು. ತಿರುವು ದಾಟಿ ಸೀದಾ ಮರದ ಹತ್ತಿರ ಹೋಗಿ ಕೈ ಚಾಚಿದರು. ಎಂದೂ ಅವರ ಮುಖ ಕಾಣದ ಆ ಗೃಹಸ್ಥ ತೆಪ್ಪಗೆ ಚಾಕು ಕೊಟ್ಟು, ಸಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತು, "ತಪ್ಪಾತ್ರಿ ಅಕ್ಕೋರ," ಎಂದ.

ಬೈದು ಮುಗಿದ ಮೇಲೆಯೇ ಅವರಿಗೆ ತಾವು ಎಲ್ಲಿ ನಿಂತಿದ್ದೇವೆಂದು ಹೊಳೆದದ್ದು. ಕಾಲು ನೋಡಿಕೊಂಡರು. ಕಾಶೀಬಾಯಿ ನನ್ನನ್ನು ಹಿಡಿದು ಓಡಿದರು. ಅಕ್ಕೋರು ನನ್ನನ್ನು ಮುಟ್ಟಲಿಲ್ಲ.

"ತಡಿ ಕಾಶೀ. ಹಿಂಗ ಮುಂದ ಹೋಗಿ ನೋಡ್ತೀನಿ."

ಮೂರು ಕಡೆ ಕೂತರು, ಎರಡು ಸಲ ಅತ್ತರು, ಆದರೆ ಕೆರೆ ಪೂರ್ತಿ ಸುತ್ತಿದರು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಅಷ್ಟು ದಿನ ಭಾರ ಹೊತ್ತವನು ಕೊನೆಗೆ ಬರೀ ಹಣ್ಣಿನ ಮುಳ್ಳಿಗಾದೆನಲ್ಲ! ಆದರೆ ಗೇಟಿನ ಹತ್ತಿರ ಅವರ ಮುಖ ನೋಡಿದ ಮೇಲೆ ಆ ಉರಿ ಆರಿಹೋಯಿತು.

ಈಗ ನನಗೆ ವಯಸ್ಸಾಗಿದೆ, ಬುಡ ಸೀಳಿದೆ. ಫಕ್ಕೀರಪ್ಪ ನನ್ನನ್ನು ಗೇಟಿನ ಪಕ್ಕ ನೆಟ್ಟು ಅವರೆಬಳ್ಳಿ ಹಬ್ಬಿಸಿದ್ದಾನೆ. ಒಂದು ಬಳ್ಳಿಯನ್ನೂ ಬೀಳಗೊಡುವವನಲ್ಲ ನಾನು. ದಿನವೂ ಅಕ್ಕೋರು ಕೈಬೀಸಿಕೊಂಡು ನನ್ನ ಮುಂದೆಯೇ ಒಳಗೆ ಹೋಗುತ್ತಾರೆ. ಹಿಂದಿನಿಂದ ಏದುಸಿರು ಬಿಡುತ್ತ ಕಾಶೀಬಾಯಿ ಡ್ರಮ್ಮಿನ ಹತ್ತಿರ ನಿಲ್ಲುತ್ತಾರೆ.

"ಫಕ್ಕೀರಪ್ಪಾ, ನನಗೊಂದು ಕೋಲು ಕೊಡಪಾ. ಅಕ್ಕ ಕೈಗೇ ಸಿಗವಲ್ಲಳು."